ರಿಪೇರಿಯಾಗಿ ಬಂದ ಕ್ಯಾಮೆರಾ ಆಟಿಯ ಮಳೆಗೆ ಸಿಕ್ಕಾಗ

ಆಟ, ಕೋಲಗಳ ಋತು ಮುಗಿಯುವ ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಚಿತ್ರ ತೆಗೆಯುವವರಿಗೆ ತುಸು ಬಿಡುವು ಸಿಗುತ್ತದೆ. ಆರು ತಿಂಗಳು ಬಯಲಾಟ, ಕೋಲ, ಜಾತ್ರೆಗಳೆಂದು ಇರುಳಿಡೀ ದುಡಿದ ಕ್ಯಾಮೆರಾವನ್ನು ರಿಪೇರಿಗೆ ಕಳುಹಿಸುವುದು ಹೆಚ್ಚಾಗಿ ಆಗಲೇ. ನಾನೂ ಒಂದು ವರ್ಷ ಮೇ ತಿಂಗಳ ಕೊನೆಯಲ್ಲಿ ಷಟರ್ ಮತ್ತು ಹಾಟ್ ಶೂ (ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ಬದಲಾಯಿಸಲು ನನ್ನ ಕ್ಯಾಮೆರಾವನ್ನು ದೂರದ ಪೇಟೆಯ ಒಂದು ವರ್ಕ್‌ಶಾಪಿಗೆ ಕಳುಹಿಸಿದೆ. ಅದು ಮೂರು ವಾರಗಳಲ್ಲಿ ಮರಳಿ ಬಂತು, ಚೆನ್ನಾಗಿಯೇ ಕೆಲಸ ಮಾಡಿತು. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜ ಓಲೆಯ ಕೊಡೆ ತಿರುಗಿಸುತ್ತಾ ನೆರೆಮನೆಯ ಅಂಗಳಕ್ಕೆ ಬಂದ ದಿನ, ಇಪ್ಪತ್ತು ನಿಮಿಷಗಳ ಸೋನೆಮಳೆಯಲ್ಲಿ ಹತ್ತಿಪ್ಪತ್ತು ಚಿತ್ರ ತೆಗೆಯುವಷ್ಟರಲ್ಲಿ ವ್ಯೂಫೈಂಡರಿನ ಒಳಗೆ ಮಂಜು ಕಟ್ಟಿತು. ಹಿಂದಿನ ಎರಡು ಮಳೆಗಾಲಗಳಲ್ಲಿ ಇದೇ ಕ್ಯಾಮೆರಾ ಬೇಕಲ ಕೋಟೆಯ ಮೇಲೆ ಇದಕ್ಕಿಂತ ಎಷ್ಟೋ ಜೋರಿನ ಮಳೆಯನ್ನು ತಡೆದುಕೊಂಡಿತ್ತು.

ಆ ದಿನ ನಾನು ಮಾಡಿದ ಕೆಲವು ಕೆಲಸಗಳು ಸರಿಯಾಗಿದ್ದವು, ಒಂದೆರಡು ತಪ್ಪಾಗಿದ್ದವು. ಅವೆರಡರಿಂದಲೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಮ್ಮೆ ಬಿಚ್ಚಿ ಮುಚ್ಚಿದ ವೆದರ್ ಸೀಲ್ (ಮಳೆ, ಧೂಳು ಒಳಹೊಗದಂತೆ ತಡೆಯುವ ವ್ಯವಸ್ಥೆ ಇರುವ) ಬಾಡಿಯನ್ನು ಸೀಲ್ ಇಲ್ಲದ ಬಾಡಿಯೆಂದೇ ಎಣಿಸಬೇಕು. ಅದರೊಳಗೆ ನೀರು ಹೊಕ್ಕರೆ, ಒಣಗಿಸಲು ತೊಡಗುವ ಮೊದಲೇ ಆ ನೀರು ಯಾವ ದಾರಿಯಿಂದ ಬಂತೆಂಬುದನ್ನು ಗುರುತಿಸಿಟ್ಟುಕೊಳ್ಳಬೇಕು. ಕ್ಯಾಮೆರಾವನ್ನು ಉಳಿಸುವುದಕ್ಕೂ ಆಮೇಲೆ ವರ್ಕ್‌ಶಾಪಿನವರ ಹತ್ತಿರ ಮಾತನಾಡುವುದಕ್ಕೂ ಆ ಗುರುತೇ ಆಧಾರ.

ಮೊದಲ ಹತ್ತು ನಿಮಿಷ

ನೀರು ಒಳಗಿದೆ ಎಂಬ ಅನುಮಾನ ಬಂದ ಕ್ಷಣದಲ್ಲಿಯೇ ಸ್ವಿಚ್ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡುವ ಆಸೆಯನ್ನು ಬಿಟ್ಟುಬಿಡಬೇಕು. ನಾನು ಮಾಡಿದ ದೊಡ್ಡ ತಪ್ಪು ಇದೇ: ಸರಿಯಾಗಿದೆಯೋ ಎಂದು ಎರಡು ಬಾರಿ ಆನ್ ಮಾಡಿ ನೋಡಿದೆ. ನೀರಿಗಿಂತ ಹೆಚ್ಚು ಹಾನಿ ಮಾಡುವುದು ನೀರಿನ ಜೊತೆ ಸೇರಿದ ವಿದ್ಯುತ್ತು. ನೀರನ್ನು ವಿಭಜಿಸಲು ತಾತ್ವಿಕವಾಗಿ 1.23 ವೋಲ್ಟ್ ಸಾಕು, ಆದರೆ ಹೆಚ್ಚಿನ ಕ್ಯಾಮೆರಾಗಳ ಲಿಥಿಯಂ ಬ್ಯಾಟರಿಯಲ್ಲಿ 7.2 ವೋಲ್ಟ್ ಇರುತ್ತದೆ. ಸರ್ಕ್ಯೂಟ್ ಬೋರ್ಡಿನ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿರುವ ಎರಡು ತಾಮ್ರದ ಗೆರೆಗಳ ನಡುವೆ ಒಂದು ಹನಿ ನಿಂತಾಗ, ಧನ ಧ್ರುವದ ಕಡೆಯ ತಾಮ್ರ ಕರಗಿ ಋಣ ಧ್ರುವದ ಮೇಲೆ ಕೂತು, ಅಲ್ಲಿಂದ ಧನ ಧ್ರುವದ ಕಡೆಗೆ ಕವಲು ಕವಲಾಗಿ ಬೆಳೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಎರಡು ಗೆರೆಗಳನ್ನು ಜೋಡಿಸಿಬಿಡಬಹುದು. ವಿದ್ಯುತ್ ಇಲ್ಲದೆ ಬರಿ ಒದ್ದೆಯಾಗಿರುವ ಬೋರ್ಡು ಹಲವು ಗಂಟೆ ಕಾಲ ಕಾಯಬಲ್ಲದು.

ಬ್ಯಾಟರಿಯ ಬಾಗಿಲನ್ನು ತೆರೆಯುವ ಮುನ್ನ ಹೊರಮೈಯನ್ನು ಒಣ ಬೈರಾಸಿನಿಂದ ಒತ್ತಿ ಒರೆಸಬೇಕು, ಇಲ್ಲವಾದರೆ ಸಂದುಗಳಲ್ಲಿ ನಿಂತಿರುವ ನೀರನ್ನು ನಾವೇ ಒಳಗೆ ಬಿಟ್ಟಂತಾಗುತ್ತದೆ. ಉಜ್ಜುವುದು ಬೇಡ, ಗುಂಡಿಗಳನ್ನು ಒತ್ತುವುದು ಬೇಡ, ಡಯಲ್‌ಗಳನ್ನು ತಿರುಗಿಸುವುದೂ ಬೇಡ. ಜೂಮ್ ಲೆನ್ಸಿನ ಕೊಳವೆ ಹೊರಚಾಚಿದ್ದರೆ ಅದನ್ನು ಹಾಗೆಯೇ ಬಿಟ್ಟು, ಕೊಳವೆಯನ್ನು ಒರೆಸಿದ ಮೇಲಷ್ಟೇ ಒಳಗೆಳೆಯಬೇಕು. ಜೂಮ್ ಮಾಡುವಾಗ ಲೆನ್ಸ್ ಗಾಳಿಯನ್ನು ಹೀರುವ ಪಂಪಿನಂತೆ ನಡೆದುಕೊಳ್ಳುತ್ತದೆ, ಕೊಳವೆಗೆ ಅಂಟಿದ ನೀರು ಅದರ ಜೊತೆ ಒಳಗೆ ಹೋಗುತ್ತದೆ. ಆಮೇಲೆ ಬ್ಯಾಟರಿ, ಕಾರ್ಡು, ಪಟ್ಟಿ ಎಲ್ಲವನ್ನೂ ತೆಗೆದು, ಬಾಡಿಯ ಬಾಯಿ ನೆಲದ ಕಡೆಗಿರುವಂತೆ ಹಿಡಿದು ಲೆನ್ಸನ್ನು ಬಿಚ್ಚಬೇಕು. ಬಾಡಿಯನ್ನು ಕೊಡವುವುದು ನಮ್ಮ ಕೈಗೆ ತಾನಾಗಿ ಬರುವ ಕೆಲಸವಾದರೂ, ಒಂದು ಮೂಲೆಯಲ್ಲಿರುವ ನೀರನ್ನು ಹತ್ತು ಮೂಲೆಗೆ ಹರಡುವುದರ ಹೊರತು ಅದರಿಂದ ಬೇರೇನೂ ಆಗುವುದಿಲ್ಲ.

ಒಳಗಿರುವ ಫ್ಲ್ಯಾಶ್ ಇರುವ ಕ್ಯಾಮೆರಾವಾಗಿದ್ದರೆ ಅದನ್ನು ಮನೆಯಲ್ಲಿ ಬಿಚ್ಚುವ ಯೋಚನೆಯನ್ನೇ ಮಾಡಬಾರದು. ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನ ಆಸುಪಾಸಿನ ವಿದ್ಯುತ್ತು ಉಳಿದಿರುತ್ತದೆ.

ನೀರಿನ ದಾರಿ

ಈಗ ಮೊಬೈಲ್ ತೆಗೆದುಕೊಂಡು, ಒಳ್ಳೆಯ ಬೆಳಕಿನಲ್ಲಿ, ನೀರು ಕಾಣುವ ಪ್ರತಿಯೊಂದು ಜಾಗದ ಚಿತ್ರ ತೆಗೆಯಬೇಕು. ವ್ಯೂಫೈಂಡರಿನ ಒಳಗಾಜು, ಹಿಂದಿನ ಪರದೆಯ ಅಂಚು, ಬ್ಯಾಟರಿ ಗೂಡಿನ ಒಳಗೋಡೆ, ಕಾರ್ಡಿನ ಬಾಗಿಲು, ಕೇಬಲ್ ಹಾಕುವ ತೂತುಗಳ ರಬ್ಬರ್ ಮುಚ್ಚಳದ ಒಳಭಾಗ, ಲೆನ್ಸ್ ಕೂರುವ ಲೋಹದ ಬಳೆ, ಹಾಟ್ ಶೂ, ಟ್ರೈಪಾಡ್ ತಿರುಪಿನ ಸುತ್ತ, ಹಿಡಿಯ ರಬ್ಬರಿನ ಅಂಚು: ಇವಿಷ್ಟನ್ನೂ ನೋಡಬೇಕು, ಒಣಗಿರುವ ಜಾಗಗಳ ಚಿತ್ರವನ್ನೂ ತೆಗೆಯಬೇಕು. ಬ್ಯಾಟರಿ ಗೂಡು ಒಣಗಿತ್ತೆಂಬುದು ಮುಂದೆ ವ್ಯೂಫೈಂಡರ್ ಒದ್ದೆಯಾಗಿತ್ತೆಂಬುದರಷ್ಟೇ ಬೆಲೆಬಾಳುವ ಸಾಕ್ಷಿಯಾಗುತ್ತದೆ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಸೀಲ್ ಎಂದರೆ ಒಂದು ವಸ್ತುವಲ್ಲ. ಮೇಲ್ಚಿಪ್ಪು, ಕೆಳಚಿಪ್ಪು ಸೇರುವಲ್ಲಿ ತೆಳುವಾದ ಸ್ಪಂಜಿನ ಪಟ್ಟಿ, ಗುಂಡಿಗಳ ಕೆಳಗೆ ಸಣ್ಣ ರಬ್ಬರ್ ಉಂಗುರ, ಪರದೆಯ ಸುತ್ತ ಅಂಟುಪಟ್ಟಿ, ಬಾಗಿಲುಗಳ ಅಂಚಿಗೆ ಗ್ಯಾಸ್ಕೆಟ್, ಹೀಗೆ ಹತ್ತಾರು ತುಂಡುಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾದ ಒತ್ತಡದಲ್ಲಿ ಕೂತಾಗ ಆಗುವ ವ್ಯವಸ್ಥೆ. ಷಟರ್ ಬದಲಾಯಿಸುವವನು ಇವುಗಳಲ್ಲಿ ಅರ್ಧವನ್ನಾದರೂ ಎಬ್ಬಿಸಬೇಕಾಗುತ್ತದೆ. ಒಮ್ಮೆ ಎಬ್ಬಿಸಿದ ಅಂಟುಪಟ್ಟಿ ಮೊದಲಿನಂತೆ ಅಂಟುವುದಿಲ್ಲ, ವರ್ಷಗಟ್ಟಲೆ ಅದುಮಿಕೊಂಡಿದ್ದ ಸ್ಪಂಜು ಮತ್ತೆ ಉಬ್ಬುವುದಿಲ್ಲ. ಹಿಡಿಯ ರಬ್ಬರಿನ ಕೆಳಗಿರುವ ತಿರುಪುಗಳಿಗಾಗಿ ಅದನ್ನು ಕಿತ್ತು ಅಂಗಡಿಯ ಸಾದಾ ಅಂಟಿನಿಂದ ಕೂರಿಸಿದರೆ, ನಮ್ಮ ಸೆಕೆಗೆ ಅದರ ಅಂಚು ತಿಂಗಳೊಳಗೆ ಏಳುತ್ತದೆ. ನೀರೊಳಗೆ ಬಳಸುವ ಸಣ್ಣ ಕ್ಯಾಮೆರಾಗಳ ಕೈಪಿಡಿಗಳು, ಬಿಚ್ಚದಿದ್ದರೂ ವರ್ಷಕ್ಕೊಮ್ಮೆ ರಬ್ಬರ್ ಬದಲಾಯಿಸಿ ಎಂದು ಹೇಳುವುದು ಸುಮ್ಮನೆ ಅಲ್ಲ.

ಆದ್ದರಿಂದ ನೀರು ಕಂಡ ಜಾಗವನ್ನೂ ರಿಪೇರಿಯಲ್ಲಿ ಬಿಚ್ಚಿದ ಜಾಗವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ವ್ಯೂಫೈಂಡರಿನಲ್ಲಿ ಅಥವಾ ಮೇಲಿನ ಸಣ್ಣ ಪರದೆಯಲ್ಲಿ ಮಂಜಿದ್ದರೆ ಮೇಲ್ಚಿಪ್ಪು ಅಥವಾ ಹಾಟ್ ಶೂ ಬುಡ. ಹಿಂದಿನ ಪರದೆಯ ಅಂಚಿನಲ್ಲಿ ನೆರಳಿನಂತೆ ನೀರಿದ್ದರೆ ಅದರ ಅಂಟುಪಟ್ಟಿ. ಕೇಬಲ್ ತೂತುಗಳ ಕಡೆ ಒದ್ದೆಯಿದ್ದರೆ ಹೆಚ್ಚಾಗಿ ಮುಚ್ಚಳ ಸರಿಯಾಗಿ ಒತ್ತದ ನಮ್ಮದೇ ಬೆರಳು. ಲೆನ್ಸಿನ ಬಳೆಯ ಸುತ್ತ ನೀರಿದ್ದರಂತೂ ವರ್ಕ್‌ಶಾಪಿನವರನ್ನು ದೂರುವ ಮೊದಲು ಲೆನ್ಸಿನ ಹಿಂಬದಿ ನೋಡಬೇಕು, ಏಕೆಂದರೆ ಅಲ್ಲಿಯ ರಬ್ಬರ್ ಉಂಗುರ ಸಾಮಾನ್ಯವಾಗಿ ಬಾಡಿಗಲ್ಲ, ಲೆನ್ಸಿಗೆ ಇರುವುದು. ಉಂಗುರವಿಲ್ಲದ ಲೆನ್ಸನ್ನು ಎಂಥ ಸೀಲ್ ಬಾಡಿಗೆ ಸಿಕ್ಕಿಸಿದರೂ ಅಲ್ಲೊಂದು ಬಾಗಿಲು ತೆರೆದೇ ಇರುತ್ತದೆ. ಕ್ಯಾನನ್ನಿನ ಕೆಲವು ಎಲ್ (ಮೇಲ್ದರ್ಜೆಯ) ಲೆನ್ಸುಗಳಲ್ಲಿ ಮುಂದೆ ಫಿಲ್ಟರ್ ಹಾಕಿದ ಮೇಲೆಯೇ ಸೀಲ್ ಪೂರ್ಣವಾಗುತ್ತದೆ; ಇದು ಗೊತ್ತಿಲ್ಲದೆ ವಿನಾ ಕಾರಣ ಜಗಳ ಮಾಡಿದವರನ್ನು ಕಂಡಿದ್ದೇನೆ.

ಎಲ್ಲ ಮಂಜೂ ಸೋರಿಕೆಯಲ್ಲ. ಎ.ಸಿ. ಹಾಕಿದ ಕಾರಿನಿಂದ ಇಳಿದು ನೇರ ಹೊರಗಿನ ತೇವದ ಗಾಳಿಗೆ ಕ್ಯಾಮೆರಾ ತೆಗೆದರೆ ತಣ್ಣಗಿನ ಗಾಜಿನ ಹೊರಮೈಯಲ್ಲಿ ಆವಿ ಕಟ್ಟುತ್ತದೆ, ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಅರ್ಧ ಗಂಟೆಯಲ್ಲಿ ತಾನಾಗಿಯೇ ಮಾಯವಾಗುತ್ತದೆ. ಬೆರಳಿಗೆ ಸಿಗದ ಒಳಗಾಜಿನಲ್ಲಿ ಕಟ್ಟಿ, ಗಂಟೆಗಳ ಕಾಲ ನಿಂತು, ಜಾಗ ಬದಲಾಯಿಸುತ್ತಾ ಹೋಗುವ ಮಂಜು ಒಳಗೆ ನೀರಿದೆಯೆಂಬುದರ ಗುರುತು.

ಆಟಿಯಲ್ಲಿ ಒಣಗಿಸುವುದು

ಒದ್ದೆ ಕ್ಯಾಮೆರಾವನ್ನು ಗಾಳಿಯಾಡುವ ಜಾಗದಲ್ಲಿ ಇಡಿ ಎಂಬ ಮಾತು ಒಣ ಊರಿನವರಿಗೆ ಸರಿ. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಹಸಿಯಾಗಿಯೇ ಇರುವಾಗ ಫ್ಯಾನಿನ ಗಾಳಿ ಕ್ಯಾಮೆರಾದ ಒಳಗಿನ ನೀರನ್ನು ಎಲ್ಲಿಗೆ ಒಯ್ದೀತು? ಅಕ್ಕಿಯ ಡಬ್ಬದಲ್ಲಿ ಹೂತಿಡುವ ಸಲಹೆ ಇನ್ನೂ ಕೆಟ್ಟದು. ಆಟಿಯಲ್ಲಿ ತನಗೇ ಬೂಷ್ಟು ಬಾರದಂತೆ ಕಾಯಿಸಿಕೊಳ್ಳಬೇಕಾದ ಕುಚ್ಚಲಕ್ಕಿ ಕ್ಯಾಮೆರಾದ ತೇವವನ್ನು ಹೀರುತ್ತದೆಂದು ನಂಬುವುದು ಕಷ್ಟ, ಮೇಲಾಗಿ ಅದರ ಹಿಟ್ಟಿನ ಧೂಳು ಸಂದುಗಳಿಗೆ ಹೊಕ್ಕರೆ ಫಂಗಸ್‌ಗೆ ಆಹಾರ ಬಡಿಸಿದಂತೆ. ಒಲೆಯ ಮೇಲಿನ ಅಟ್ಟ, ಅಡಿಕೆ ಒಣಗಿಸುವ ಡ್ರೈಯರ್, ಕೂದಲು ಒಣಗಿಸುವ ಯಂತ್ರ ಇವುಗಳ ಹತ್ತಿರವೂ ಸುಳಿಯಬಾರದು. ಹೆಚ್ಚಿನ ಕ್ಯಾಮೆರಾಗಳನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಳಕೆಗೆಂದು ಮಾಡಿರುತ್ತಾರೆ. ಅದರಾಚೆಗೆ ಗ್ರೀಸ್ ಇಳಿದು ಷಟರಿನ ಎಲೆಗಳಿಗೆ ಹತ್ತಬಹುದು, ಉಳಿದ ಸೀಲುಗಳ ಅಂಟೂ ಬಿಡಬಹುದು.

ನಮ್ಮಲ್ಲಿ ಕೆಲಸಕ್ಕೆ ಬರುವುದು ಸಿಲಿಕಾ ಜೆಲ್ ಮತ್ತು ಗಾಳಿಯಾಡದ ಡಬ್ಬ. ಐದು ಲೀಟರಿನ ಬಿಗಿ ಮುಚ್ಚಳದ ಡಬ್ಬದ ಅಡಿಗೆ ಅರ್ಧ ಕಿಲೋ ಸಿಲಿಕಾ ಜೆಲ್ ಹರಡಿ, ಅದರ ಮೇಲೊಂದು ಜಾಲರಿ ಇಟ್ಟು, ಎಲ್ಲ ಬಾಗಿಲು, ಮುಚ್ಚಳಗಳನ್ನು ತೆರೆದ ಬಾಡಿಯನ್ನು ಬಾಯಿ ಕೆಳಗಾಗಿ ಮಲಗಿಸಬೇಕು. ಲೆನ್ಸಿನ ಎರಡೂ ಮುಚ್ಚಳ ತೆಗೆದು ಅದನ್ನು ಬೇರೆ ಡಬ್ಬದಲ್ಲಿಡುವುದು ಒಳ್ಳೆಯದು. ಕಿತ್ತಳೆ ಬಣ್ಣದ ಹರಳು ತೇವ ಹೀರಿದಾಗ ಹಸಿರಾಗುತ್ತದೆ, ನೀಲಿ ಹರಳು ಗುಲಾಬಿಯಾಗುತ್ತದೆ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣ ಇರುವುದರಿಂದ ಕಿತ್ತಳೆಯನ್ನೇ ಕೊಳ್ಳುವುದು ಮೇಲು. ಬಣ್ಣ ಬದಲಾದ ಹರಳನ್ನು 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು, ಆದರೆ ಪೂರ್ತಿ ತಣಿಯುವವರೆಗೆ ಅದನ್ನು ಕ್ಯಾಮೆರಾದ ಜೊತೆ ಇಡಬಾರದು. ಮನೆಯಲ್ಲಿ ಎ.ಸಿ. ಇದ್ದರೆ, ಡಬ್ಬಕ್ಕೆ ಹಾಕುವ ಮೊದಲು ಆ ಕೋಣೆಯಲ್ಲಿ ನಾಲ್ಕೈದು ಗಂಟೆ ಫ್ಯಾನಿನ ಗಾಳಿಗೆ ಇಟ್ಟರೆ ಹರಳಿನ ಕೆಲಸ ಹಗುರವಾಗುತ್ತದೆ.

ಎಷ್ಟು ದಿನ ಇಡಬೇಕೆಂಬ ಪ್ರಶ್ನೆಗೆ ಎರಡು ದಿನ, ಮೂರು ದಿನ, ಒಂದು ವಾರ ಎಂದು ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ನಾನು ಅಡುಗೆಮನೆಯ ತಕ್ಕಡಿಯನ್ನು ಕೇಳಿದೆ. ಒಂದು ಗ್ರಾಂ ವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ, ಬ್ಯಾಟರಿ, ಕಾರ್ಡು, ಪಟ್ಟಿ ಇಲ್ಲದ ಬಾಡಿಯನ್ನು ದಿನಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ ಬರೆದಿಟ್ಟೆ: 678, 675, 674, 674, 674. ತೂಕ ಎರಡು ದಿನ ಕದಲದೆ ನಿಂತರೆ ಹೋಗಬೇಕಾದ ನೀರು ಹೋಗಿದೆ ಎಂದು ಅರ್ಥ. ನಾಲ್ಕು ಗ್ರಾಂ ಎಂದರೆ ಚಿಕ್ಕ ಚಮಚಕ್ಕೂ ಕಡಿಮೆ ನೀರು, ಆದರೆ ಅಷ್ಟೇ ನೀರು ವ್ಯೂಫೈಂಡರನ್ನು ಕುರುಡಾಗಿಸಿತ್ತು.

ಕಡಲ ನೀರಾಗಿದ್ದರೆ

ಮೇಲೆ ಹೇಳಿದ್ದೆಲ್ಲ ಮಳೆನೀರಿನ ಮಾತು. ಕಣ್ವತೀರ್ಥದಲ್ಲಿಯೋ ಬೇಕಲದಲ್ಲಿಯೋ ತೆರೆಯ ಸೀರು ಬಡಿದಿದ್ದರೆ ಲೆಕ್ಕವೇ ಬೇರೆ. ಸಮುದ್ರದ ನೀರಿನ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ, ಮಳೆನೀರಿಗಿಂತ ನೂರಾರು ಪಟ್ಟು, ಎಷ್ಟೋ ವೇಳೆ ಸಾವಿರ ಪಟ್ಟು ಸುಲಭವಾಗಿ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಒಣಗಿಸಿದರೆ ನೀರು ಹೋದೀತು, ಉಪ್ಪು ಅಲ್ಲಿಯೇ ಉಳಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದ ಕೂಡಲೇ ಆ ಉಪ್ಪು ಮತ್ತೆ ನೀರು ಹೀರಿ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ಒಸರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಡಬ್ಬದಿಂದ ಸರಿಯಾಗಿ ಹೊರಬಂದ ಕ್ಯಾಮೆರಾ ಎರಡು ಮೂರು ವಾರ ಕಳೆದ ಮೇಲೆ ಒಂದು ದಿನ ಏಕಾಏಕಿ ಸಾಯುತ್ತದೆ. ಉಪ್ಪುನೀರು ಒಳಹೊಕ್ಕ ಕ್ಯಾಮೆರಾವನ್ನು ಒಣಗಲು ಬಿಡದೆ ಅದೇ ದಿನ ಬಿಚ್ಚಿ ತೊಳೆಯಬಲ್ಲ ತಂತ್ರಜ್ಞರ ಕೈಗೆ ತಲುಪಿಸುವುದೇ ಸರಿ. ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ 50 ಕಿಲೋಮೀಟರಿನಷ್ಟೇ ದಾರಿ, ಕೊರಿಯರನ್ನು ನಂಬಿ ಮೂರು ದಿನ ಕಳೆಯುವುದಕ್ಕಿಂತ ಕೈಯಲ್ಲಿ ಹಿಡಿದು ಹೋಗುವುದು ಮೇಲು. ಹೊರಮೈಗೆ ಮಾತ್ರ ಸೀರು ಬಿದ್ದಿದ್ದರೆ, ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಿದರೆ ಸಾಕು.

ಮಳೆನೀರಾಗಿದ್ದರೂ ಒಣಗಿದ ಕ್ಯಾಮೆರಾವನ್ನು ಸರಿಯಾದ ಕ್ಯಾಮೆರಾ ಎಂದುಕೊಳ್ಳಬಾರದು. ಬೋರ್ಡಿನ ಮೇಲೆ ಉಳಿದ ಕಲೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯದೆ ಬಿಟ್ಟರೆ ತಾಮ್ರ ಮೆಲ್ಲಗೆ ಹಸಿರಾಗುತ್ತಾ ಹೋಗುತ್ತದೆ. ಗುಂಡಿ ಒತ್ತದೆಯೇ ಮೆನು ತೆರೆದುಕೊಳ್ಳುವುದು, ಡಯಲ್ ಒಂದು ಹೆಜ್ಜೆಗೆ ಎರಡು ಹೆಜ್ಜೆ ಜಿಗಿಯುವುದು, ಆಫ್ ಆಗಿರುವಾಗಲೂ ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿಯಾಗುವುದು ಇದರ ಮುನ್ಸೂಚನೆಗಳು.

ವರ್ಕ್‌ಶಾಪಿನವರೊಡನೆ

ನೀರು ಬಂದ ದಾರಿ ರಿಪೇರಿಯಲ್ಲಿ ಬಿಚ್ಚಿದ ಜಾಗಕ್ಕೇ ತಲುಪುತ್ತಿದ್ದರೆ, ಕ್ಯಾಮೆರಾವನ್ನು ಒಣಗಿಸಿದ ಮೇಲೆ ಆನ್ ಮಾಡದೆ, ಬೇರೆಯವರ ಕೈಯಲ್ಲಿ ಬಿಚ್ಚಿಸದೆ, ಮೊದಲು ಅವರಿಗೆ ಬರೆಯಬೇಕು. ಫೋನಿನಲ್ಲಿ ಕೂಗಾಡಿದರೆ ಅದಕ್ಕೆ ದಾಖಲೆಯಿರುವುದಿಲ್ಲ. ರಿಪೇರಿಯ ರಸೀದಿಯ ಸಂಖ್ಯೆ, ದಿನಾಂಕ, ಬದಲಾಯಿಸಿದ ಭಾಗಗಳು, ನೀರು ತಾಗಿದ ದಿನ ಮತ್ತು ಮಳೆಯ ರೀತಿ, ಒದ್ದೆ ಮತ್ತು ಒಣ ಜಾಗಗಳ ಚಿತ್ರಗಳು ಇಷ್ಟನ್ನು ಇಮೇಲಿನಲ್ಲಿ ಕಳುಹಿಸಿ, ಎರಡು ಪ್ರಶ್ನೆಗಳನ್ನು ಕೇಳಬೇಕು: ಬಿಚ್ಚಿದ ಸಂದುಗಳಿಗೆ ಹೊಸ ಗ್ಯಾಸ್ಕೆಟ್, ಅಂಟುಪಟ್ಟಿ ಹಾಕಲಾಗಿದೆಯೇ? ಈಗ ಬಿಚ್ಚುವಾಗ ಪ್ರತಿ ಹಂತದ ಚಿತ್ರ ಕೊಡಲಾಗುವುದೇ? ನೀರು ತಾಗಿದರೆ ವಾರಂಟಿ ಇಲ್ಲ ಎಂಬುದು ಅವರ ಮೊದಲ ಉತ್ತರವಾಗಿರುತ್ತದೆ. ಕಂಪನಿಗಳ ವಾರಂಟಿಯ ಮಟ್ಟಿಗೆ ಅದು ಸಾಮಾನ್ಯವಾಗಿ ನಿಜವೂ ಹೌದು. ಆದರೆ ನಾವು ಕೇಳುತ್ತಿರುವುದು ಕಂಪನಿಯ ವಾರಂಟಿಯನ್ನಲ್ಲ, ದುಡ್ಡು ಕೊಟ್ಟು ಮಾಡಿಸಿದ ಕೆಲಸವನ್ನು ಪೂರ್ತಿ ಮಾಡಿದ್ದಾರೆಯೇ ಎಂಬುದನ್ನು.

ನನ್ನ ಕ್ಯಾಮೆರಾದಲ್ಲಿ ವ್ಯೂಫೈಂಡರಿನ ಉಬ್ಬಿನ ಕೆಳಗಿನ ಸ್ಪಂಜಿನ ಪಟ್ಟಿ ಒಳಕ್ಕೆ ಮಡಚಿ ಕೂತಿತ್ತು. ಅವರೇ ಚಿತ್ರ ತೆಗೆದು ಕಳುಹಿಸಿದರು, ಬೋರ್ಡು ತೊಳೆದು ಹೊಸ ಪಟ್ಟಿ ಹಾಕಿದ್ದಕ್ಕೆ ದುಡ್ಡು ಕೇಳಲಿಲ್ಲ. ನಾನು ಎರಡು ಬಾರಿ ಆನ್ ಮಾಡಿ ಸುಟ್ಟುಕೊಂಡ ವ್ಯೂಫೈಂಡರಿನ ಸಣ್ಣ ಪರದೆಗೆ ಮಾತ್ರ ನಾನೇ ತೆತ್ತೆ, ಅದು ನ್ಯಾಯವೇ.

ಮಾತಿನಲ್ಲಿ ಮುಗಿಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗಡಿಯವರಾದ ನಮಗೆ ಒಂದು ಅನುಕೂಲವಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರ ತಾನು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಆದ್ದರಿಂದ ವರ್ಕ್‌ಶಾಪ್ ಕರ್ನಾಟಕದಲ್ಲಿದ್ದರೂ ಕಾಸರಗೋಡಿನಲ್ಲಿಯೇ ದೂರು ಸಲ್ಲಿಸಲು ಅಡ್ಡಿಯಿಲ್ಲ. ಎರಡು ವರ್ಷಗಳೊಳಗೆ ಕೊಡಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ರಿಪೇರಿಯಿಂದ ಬಂದ ದಿನವೇ

ಇದೆಲ್ಲ ಬೇಡವೆಂದಿದ್ದರೆ ಕ್ಯಾಮೆರಾ ಮನೆಗೆ ಬಂದ ದಿನ ಅರ್ಧ ಗಂಟೆ ಟಾರ್ಚ್ ಹಿಡಿದು ಕೂರಬೇಕು. ಎಲ್ಲ ತಿರುಪುಗಳು ಇವೆಯೇ, ಚಿಪ್ಪುಗಳ ಸಂದು ಎರಡೂ ಬದಿಯಲ್ಲಿ ಒಂದೇ ಅಗಲವಾಗಿದೆಯೇ, ಹಿಡಿಯ ರಬ್ಬರಿನ ಅಂಚಿಗೆ ಉಗುರು ಹೋಗುತ್ತದೆಯೇ ಎಂದು ನೋಡಬೇಕು. ಬ್ಯಾಟರಿ ಬಾಗಿಲಿನ ಗ್ಯಾಸ್ಕೆಟ್ಟಿನ ಮೇಲೆ ತೆಳು ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಬೇಕು. ನಾಲ್ಕೂ ಬದಿಯಲ್ಲಿ ಕಾಗದ ಬಿಗಿಯಾಗಿ ಹಿಡಿದುಕೊಂಡರೆ ಸರಿ, ಒಂದು ಬದಿಯಲ್ಲಿ ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ. ನಳ್ಳಿಯ ಕೆಳಗೆ ಹಿಡಿದು ಪರೀಕ್ಷಿಸುವ ಸಾಹಸ ಯಾರೂ ಮಾಡಬಾರದು. ಬ್ರ್ಯಾಂಡಿನ ಹೆಸರಿನ ಮೇಲೂ ಹೆಚ್ಚು ಭರವಸೆ ಬೇಡ: ಹೆಚ್ಚಿನ ಕಂಪನಿಗಳು ತೇವ, ಧೂಳು ತಡೆಯುತ್ತದೆ ಎಂದಷ್ಟೇ ಹೇಳಿ ಯಾವ ಮಟ್ಟವನ್ನೂ ನಮೂದಿಸುವುದಿಲ್ಲ. 2022ರಲ್ಲಿ ಬಂದ ಒಎಂ-1 ಕ್ಯಾಮೆರಾದಂತೆ ಐಪಿ 53 (ಧೂಳು, ನೀರು ತಡೆಯುವ ಮಟ್ಟದ ಅಂಕೆ; ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ) ಎಂದು ಸ್ಪಷ್ಟವಾಗಿ ಬರೆದವು ಕಡಿಮೆ, ಅದರಲ್ಲಿಯೂ ಆ 3 ಎಂಬ ಅಂಕೆ ನೆಟ್ಟಗೆ ಸುರಿಯುವ ನೀರಿನಿಂದ 60 ಡಿಗ್ರಿ ಓರೆಯವರೆಗಿನ ತುಂತುರಿಗೆ ಮಾತ್ರ. ಪಡುಗಾಳಿಗೆ ಅಡ್ಡಡ್ಡ ಬರುವ ನಮ್ಮ ಮಳೆ ಆ ಕೋನದೊಳಗೆ ನಿಲ್ಲುವುದಿಲ್ಲ.

ನನ್ನ ಕ್ಯಾಮೆರಾ ಈಗಲೂ ಕೆಲಸ ಮಾಡುತ್ತಿದೆ. ಮಳೆಗೆ ತೆಗೆಯುವಾಗ ಅದಕ್ಕೊಂದು ಪ್ಲಾಸ್ಟಿಕ್ ಕವರ್ ಹಾಕುತ್ತೇನೆ, ಹಾಟ್ ಶೂ ಮೇಲೊಂದು ರಬ್ಬರ್ ಮುಚ್ಚಳ ಸಿಕ್ಕಿಸುತ್ತೇನೆ, ಮನೆಗೆ ಬಂದ ಮೇಲೆ ಒಮ್ಮೆ ತಕ್ಕಡಿಗೆ ಇಡುತ್ತೇನೆ. ಹಳೆಯ ಪಟ್ಟಿಯಲ್ಲಿ ಬರೆದ 674ಕ್ಕಿಂತ ಒಂದು ಗ್ರಾಂ ಹೆಚ್ಚು ತೋರಿಸಿದರೂ ಅದು ಆ ರಾತ್ರಿ ಡಬ್ಬದಲ್ಲಿಯೇ ಮಲಗುತ್ತದೆ.